ಕೆಳಕ್ಕೆ ಎರಡು ಟಿಕೆಟ್

ಅಕ್ಟೋಬರ್ 4, ಬೆಳಿಗ್ಗೆ

ಚಳಿ. ನಲ್ಲಿಯಲ್ಲಿ ನೀರು ಹೆಪ್ಪುಗಟ್ಟಿತ್ತು, ಬಿಸಿನೀರು ಸುರಿದು ಬಿಡಿಸಿದ್ದಾಯಿತು. ಅಂಗಡಿ ಬಾಗಿಲು ತೆಗೆಯುವಷ್ಟರಲ್ಲಿ ಇಬ್ಬರು ಗಿರಾಕಿಗಳು. ಒಬ್ಬಳಿಗೆ ಮಫ್ಲರ್ ಬೇಕು. ಇನ್ನೊಬ್ಬನಿಗೆ ಏನೂ ಬೇಡ, ನನ್ನ ಒಲೆಯ ಮುಂದೆ ಕೈ ಕಾಯಿಸಿಕೊಳ್ಳಬೇಕು ಅಷ್ಟೆ.

ತಂಗಿ ಬಂದಳು. ನಾನು ಬರುವವರೆಗೆ ಉಣ್ಣೆ ಅಂಗಡಿ ಅವಳದೇ. ಹೆಣಿಗೆ ಮೆಷಿನ್ನಿನ ಎಡಗಡೆ ಸೂಜಿಗಳು ಸಿಕ್ಕಿಕೊಳ್ಳುತ್ತವೆ, ಬೈಯಬೇಡ, ಮೆಲ್ಲಗೆ ತಟ್ಟು ಅಂತ ಹೇಳಿದೆ.

“ಅಕ್ಕಾ, ಬೆಳಿಗ್ಗೆಯಿಂದ ಅದನ್ನೇ ಹೇಳ್ತಿದ್ದೀಯ.”

ಹೇಳಿರಬಹುದು. ತಲೆ ಎಲ್ಲೋ ಇದೆ.

ನಾಳೆ ಹೊರಡುವುದು. ಸೊಸೆಯನ್ನು ಮದುವೆ ಮಾಡಿಕೊಟ್ಟು ಬರಲು. ಬರೆದು ಓದಿದರೆ ನನಗೇ ವಿಚಿತ್ರ — ಮಗಳನ್ನು ಕೊಡುತ್ತಾರೆ, ಸೊಸೆಯನ್ನು ತಂದುಕೊಳ್ಳುತ್ತಾರೆ. ನಾನು ತಂದುಕೊಂಡವಳನ್ನೇ ಕೊಡಲು ಹೊರಟಿದ್ದೇನೆ. ಅವಳ ಅಣ್ಣ ಈ ಮದುವೆಗೆ ಬರುವುದಿಲ್ಲ ಅಂದುಬಿಟ್ಟ. ಅವನ ಮುಖಕ್ಕಿಷ್ಟು. ನಾನಿದ್ದೇನೆ. ಬ್ರೆಡ್ ಅಂಗಡಿಯವಳು “ನಿಮ್ಮ ಮನಸ್ಸು ದೊಡ್ಡದು” ಅಂದಳು. ದೊಡ್ಡದೂ ಇಲ್ಲ ಚಿಕ್ಕದೂ ಇಲ್ಲ. ಹುಡುಗಿಗೆ ಮೂವತ್ತೊಂದು. ನಾಲ್ಕು ವರ್ಷದಿಂದ ಆಸ್ಪತ್ರೆಯ ಲ್ಯಾಬಿನಲ್ಲಿ ಊರವರ ರಕ್ತ ತೆಗೆದು, ಸಂಜೆ ಬಂದು ನನ್ನ ಎದುರು ಕೂತು ಉಣ್ಣೆಯ ಸಿಕ್ಕು ಬಿಡಿಸುತ್ತಾಳೆ. ಎಷ್ಟು ದಿನ?

ಅವಳನ್ನು ಹೆಸರು ಹಿಡಿದು ಕರೆದದ್ದು ಕಡಿಮೆ. ಗುಬ್ಬಿ ಅಂತಲೇ. ಒಂದು ಕಡೆ ಕೂರುವುದಿಲ್ಲ, ತಿನ್ನುವುದೂ ಅಷ್ಟೇ ಅಷ್ಟು.

ಅಕ್ಟೋಬರ್ 5, ಬಸ್ಸಿನಲ್ಲಿ

ಅಕ್ಷರಗಳು ಕುಣಿಯುತ್ತಿವೆ. ಡ್ರೈವರ್ ತಿರುವುಗಳನ್ನೆಲ್ಲ ಶತ್ರುಗಳು ಅಂದುಕೊಂಡಿದ್ದಾನೆ.

ಬೆಟ್ಟ ಇಳಿಯಲು ಒಂದೇ ರಸ್ತೆ. ನದಿಯ ಪಕ್ಕದಲ್ಲೇ. ನಾನು ಬೆಟ್ಟದ ಕಡೆ ಸೀಟು ಹಿಡಿದೆ, ಗುಬ್ಬಿ ನದಿಯ ಕಡೆ ಕೂತಳು. ನೋಡದಿದ್ದರೆ ಏನು, ಸದ್ದು ಕೇಳುತ್ತದಲ್ಲ. ನಮ್ಮೂರ ಮೇಲಿನ ಹಿಮದಿಂದ ಇಳಿಯುವಾಗ ಅದಕ್ಕೆ ಒಂದೇ ಬುದ್ಧಿ — ಅಬ್ಬರ. ಮನೆಯಷ್ಟು ದೊಡ್ಡ ಬಂಡೆಗಳನ್ನೂ ಬಿಡುವುದಿಲ್ಲ, ತಳ್ಳುತ್ತದೆ, ಉಜ್ಜುತ್ತದೆ.

ನನ್ನ ಮಗ, ಗುಬ್ಬಿಯ ಗಂಡ, ರಸ್ತೆ ಇಲಾಖೆಯಲ್ಲಿ ಬುಲ್ಡೋಜರ್ ಓಡಿಸುತ್ತಿದ್ದ. ಗುಡ್ಡ ಕುಸಿದಾಗೆಲ್ಲ ಮೊದಲು ಅವನಿಗೇ ಫೋನು. ನಾಲ್ಕು ವರ್ಷದ ಹಿಂದೆ ಒಂದು ದಿನ ಅವನು ಮಣ್ಣು ಬಗೆಯುತ್ತಿದ್ದಾಗ ಮೇಲಿನದೂ ಕುಸಿಯಿತು. ಬುಲ್ಡೋಜರ್ ಕೆಳಗಡೆ ಸಿಕ್ಕಿತು, ಬಾಗಿಲು ತೆರೆದುಕೊಂಡು. ಅವನು ಸಿಗಲಿಲ್ಲ. ನದಿ ತನ್ನ ಹತ್ತಿರವೇ ಇಟ್ಟುಕೊಂಡಿತು.

ಆ ಜಾಗ ದಾಟುವಾಗ ಗುಬ್ಬಿ ಕೈ ಹಿಡಿದುಕೊಂಡಳು. ಆಮೇಲೆ ಒಂದು ಕಿತ್ತಳೆ ಸುಲಿದು ಕೊಟ್ಟಳು. ಹುಳಿ.

ಅಕ್ಟೋಬರ್ 6

ಎರಡು ನದಿ ಕೂಡುವ ಊರು. ರಾತ್ರಿ ತಂಗಿದೆವು. ಬೆಳಿಗ್ಗೆ ಗುಬ್ಬಿ ಎಳೆದುಕೊಂಡು ಹೋಗಿ ತೋರಿಸಿದಳು — ನಮ್ಮದು ಬೂದಿ ಬಣ್ಣ, ಇನ್ನೊಂದು ಹಸಿರು. ಕೂಡಿದ ಮೇಲೂ ತುಂಬ ದೂರ ಪಕ್ಕಪಕ್ಕದಲ್ಲೇ, ಬೆರೆಯದೆ.

“ನೋಡಿ ಅತ್ತೆ, ಮುನಿಸ್ಕೊಂಡಿರೋ ಗಂಡ ಹೆಂಡ್ತಿ ಥರ.”

“ಅತ್ತೆ ಸೊಸೆ ಥರ ಅನ್ನು.”

ನಕ್ಕಳು. ನಾನು ಸೇತುವೆಯ ಕಂಬಿ ನೋಡುತ್ತ ನಿಂತಿದ್ದೆ. ನೀರನ್ನು ಸರಿಯಾಗಿ ನೋಡಲಿಲ್ಲ. ದಡದ ಕಲ್ಲು ನೋಡಿದೆ. ಇಲ್ಲಿ ಬಂಡೆಗಳಿಲ್ಲ, ಎಲ್ಲ ಬಿಂದಿಗೆಯಷ್ಟು, ದುಂಡಗೆ.

ಬಸ್ಸಿನಲ್ಲಿ ಸ್ವೆಟರ್ ಮುಂದುವರಿಸಿದೆ. ಅರ್ಧ ತೋಳಿನದು. ಯಾರಿಗೆ ಅಂದರೆ ತಂಗಿಯ ಗಂಡನಿಗೆ ಅಂದಿದ್ದೇನೆ. ಗುಬ್ಬಿಗೆ ಗೊತ್ತು, ತಂಗಿಯ ಗಂಡನ ಹೊಟ್ಟೆ ಇದರಲ್ಲಿ ಹಿಡಿಯುವುದಿಲ್ಲ ಅಂತ. ಗುಬ್ಬಿಯನ್ನು ಮದುವೆಯಾಗುವ ಹುಡುಗನಿಗೇ. ನದಿ ಸಮುದ್ರ ಸೇರುವ ಊರಿನವನು. ಅಲ್ಲಿ ವರ್ಷಪೂರ್ತಿ ಬೆವರಂತೆ, ಸ್ವೆಟರ್ ಹಾಕಿಕೊಂಡರೆ ಬೇಯುತ್ತಾನೆ. ಆದರೂ ನನ್ನ ಕೈಗೆ ಬೇರೇನು ಬರುತ್ತದೆ? ಫೋಟೋ ಒಂದೇ ನೋಡಿದ್ದು. ಎದೆಯ ಅಳತೆ ಗೊತ್ತಾಗಲಿಲ್ಲ, ಕಿವಿ ಮಾತ್ರ ಚೆನ್ನಾಗಿ ಗೊತ್ತಾಯಿತು. ಮನಸ್ಸಿನಲ್ಲಿ ಕಿವಿರಾಯ ಅಂತ ಕರೆಯುತ್ತೇನೆ. ಲ್ಯಾಬಿನ ಗೆಳತಿಯ ಕಡೆಯವರಂತೆ. ಫೋನಿನಲ್ಲಿ ಪರಿಚಯ ಅಂತ ಗುಬ್ಬಿ ಹೇಳಿದ್ದು.

ಅಕ್ಟೋಬರ್ 8, ಮಧ್ಯಾಹ್ನ

ಡ್ಯಾಮಿನ ಹತ್ತಿರ ಬಸ್ ಬದಲಾಯಿಸಬೇಕಿತ್ತು. ಬರೆಯಲೇಬೇಕು, ಇಲ್ಲದಿದ್ದರೆ ತಲೆ ಸಿಡಿಯುತ್ತದೆ.

ಅಷ್ಟು ಅಬ್ಬರಿಸುತ್ತಿದ್ದ ನದಿ ಇಲ್ಲಿ ಬಾಯಿ ಮುಚ್ಚಿಕೊಂಡು ಕೂತಿದೆ. ಕಣ್ಣು ಹಾಯುವವರೆಗೆ ನೀರು. ಸದ್ದೇ ಇಲ್ಲ. ಸದ್ದಿಲ್ಲದ ಕಾರಣಕ್ಕೋ ಏನೋ, ಮೊದಲ ಸಲ ನೇರ ನೋಡಿದೆ. ಗುಬ್ಬಿ ಮುಖ ತೊಳೆಯಲು ಹೋಗಿದ್ದಳು. ಕ್ಯಾಂಟೀನಿನವಳನ್ನು ಕೇಳಿಯೇಬಿಟ್ಟೆ, “ಮೇಲಿಂದ ಬಂದದ್ದೆಲ್ಲ ಇಲ್ಲೇ ನಿಲ್ಲುತ್ತಾ?”

“ಎಲ್ಲ ಇಲ್ಲೇ ಅಮ್ಮ. ದಿಮ್ಮಿ, ಬಾಟಲಿ, ಚಪ್ಪಲಿ... ಒಂದ್ಸಲ ಇಡೀ ಬಸ್‌ಸ್ಟಾಪಿನ ಬೋರ್ಡೇ ತೇಲ್ಕೊಂಡು ಬಂದಿತ್ತು.”

ಅಷ್ಟರಲ್ಲಿ ಗುಬ್ಬಿ ಬಂದಳು. ಕ್ಯಾಂಟೀನಿನವಳು ಟೀ ಸೋಸುತ್ತಿದ್ದವಳು ಹಾಗೇ ನಿಂತಳು.

“ಅಯ್ಯೋ! ನೀನಾ ತಾಯಿ? ಹೂಳೆತ್ತೋ ಬೋಟಿನಲ್ಲಿ ದಿನಾ ಹೋಗ್ತಿದ್ದೆಯಲ್ಲ... ಆಮೇಲೆ ಸಿಕ್ಕಿದ್ರಾ ನಿಮ್ಮನೆಯವರು?”

ಗುಬ್ಬಿಯ ಮುಖದಲ್ಲಿ ರಕ್ತವಿಲ್ಲ.

“ಆ ಬೋಟಿನ ಹುಡುಗನೂ ಊರಿಗೆ ಹೋದ ಕಣಮ್ಮ, ಸಮುದ್ರದ ಕಡೆ. ಒಳ್ಳೇ ಹುಡುಗ. ಎಂಥ ಕಿವಿ ಅವನದು!”

ಟೀ ಲೋಟ ಕೆಳಗಿಟ್ಟೆ. ಬಸ್ ಹತ್ತಿದೆ.

ಅದೇ ದಿನ, ಸಂಜೆ

ಈಗ ಲೆಕ್ಕ ಹೊಂದುತ್ತಿದೆ. ನನ್ನ ಹುಡುಗ ತೀರಿಹೋಗಿ ತಿಂಗಳಾಗುವುದರೊಳಗೆ ಗುಬ್ಬಿ ತವರಿಗೆ ಹೋಗಿ ಬರ್ತೀನಿ ಅಂತ ಹೊರಟಿದ್ದಳು. ಇಷ್ಟು ಬೇಗ ತವರು ನೆನಪಾಯಿತಾ ಅಂತ ತಂಗಿಯ ಮುಂದೆ ನಾನು ಮೂಗು ಮುರಿದಿದ್ದೆ. ತವರಿಗೆ ಹೋಗಿರಲಿಲ್ಲ. ಇಲ್ಲಿಗೆ ಬಂದಿದ್ದಳು. ಹುಡುಕಲು. ಒಬ್ಬಳೇ.

ಒಬ್ಬಳೇ ಅಲ್ಲ. ಬೋಟ್ ಓಡಿಸಲು ಕಿವಿರಾಯ ಇದ್ದ.

ಒಂದು ಸಾಲು ಬರೆದು ಹೊಡೆದುಹಾಕಿದೆ. ಹೊಡೆದುಹಾಕಿದರೂ ಓದಲು ಬರುತ್ತದೆ. ಮತ್ತೆ ಹೊಡೆದೆ. ಹಾಳೆ ಹರಿಯಿತು.

ಸ್ವೆಟರಿನ ಸೂಜಿ ಕಿತ್ತು ಚೀಲಕ್ಕೆ ತುರುಕಿದೆ.

ಅಕ್ಟೋಬರ್ 12

ಬಯಲು ಸೀಮೆ. ಸ್ಟೀಮರ್ ಹೊರಡುವ ಊರು. ಲಾಡ್ಜಿನ ಎರಡನೇ ಮಹಡಿ, ಗೋಡೆಗೆ ಹಸಿರು ಬಣ್ಣ, ಫ್ಯಾನು ಮುದುಕನ ಹಾಗೆ ಕೆಮ್ಮುತ್ತದೆ. ಸ್ಟೀಮರಿಗೆ ಕಾಯುತ್ತ ಬಿದ್ದಿದ್ದೇವೆ. ಸೆಕೆ.

ಇಷ್ಟು ದಿನ ಬರೆಯಲಿಲ್ಲ. ಮಾತೂ ಆಡಲಿಲ್ಲ. “ಊಟ?” “ಹೂಂ.” “ಲೈಟ್ ಆರಿಸ್ಲಾ?” “ಹೂಂ.” ಬಾಯಿಗೆ ಬೀಗ ಹಾಕಿಕೊಂಡು ಒಂದೇ ಕೋಣೆಯಲ್ಲಿ ಇಬ್ಬರು ಹೆಂಗಸರು.

ಇವತ್ತು ಬೆಳಿಗ್ಗೆ ಚೀಲದಿಂದ ಸ್ವೆಟರ್ ತೆಗೆದು ಬಿಚ್ಚಲು ಶುರು ಮಾಡಿದೆ. ಹಾಸಿಗೆಯ ಮೇಲೆ ಕೂತು, ಒಂದೊಂದೇ ಸಾಲು, ಪರಪರ ಅಂತ. ನೂಲು ನೆಲದ ಮೇಲೆ ರಾಶಿ ಬಿತ್ತು. ಗುಬ್ಬಿ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಎದುರಿಗೆ ನೆಲದ ಮೇಲೆ ಕೂತು ನೂಲಿನ ತುದಿ ಹುಡುಕಿ ಉಂಡೆ ಸುತ್ತತೊಡಗಿದಳು. ಅಂಗಡಿಯಲ್ಲಿ ಸಂಜೆ ಮಾಡುವಂತೆಯೇ. ನಾನು ಬಿಚ್ಚುವುದು, ಅವಳು ಸುತ್ತುವುದು. ಬೆನ್ನು ಮುಗಿಯಿತು, ಎದೆ ಮುಗಿಯಿತು. ಸೊಂಟದ ಪಟ್ಟಿಗೆ ಬರುವಷ್ಟರಲ್ಲಿ ನನ್ನ ಬಾಯಿಯೂ ಬಿಚ್ಚಿತು.

“ಯಾಕೆ ಹೇಳಲಿಲ್ಲ?”

ಉಂಡೆ ಸುತ್ತುತ್ತಲೇ ಹೇಳಿದಳು. “ಹುಡುಕೋಕೆ ಹೋಗ್ತೀನಿ ಅಂದಿದ್ರೆ ನೀವೂ ಬರ್ತಿದ್ರಿ.”

“ಬರ್ತಿದ್ದೆ. ಬರಬಾರದಿತ್ತಾ? ನನ್ನ ಮಗ ಅಲ್ವಾ?”

“ಸಿಕ್ಕಿದ್ರೆ... ಅಷ್ಟು ದಿನ ನೀರಲ್ಲಿದ್ದ ಮೇಲೆ... ನಾನು ಲ್ಯಾಬಿನವಳು ಅತ್ತೆ, ನಂಗೆ ಗೊತ್ತು ಹೇಗಿರುತ್ತೆ ಅಂತ. ನಿಮ್ಮ ಕಣ್ಣಲ್ಲಿ ಅವರು ಹೇಗಿದ್ರೋ ಹಾಗೇ ಇರ್ಲಿ ಅನ್ನಿಸ್ತು. ನಾನೊಬ್ಳೇ ನೋಡಿದ್ರೆ ಸಾಕು ಅನ್ನಿಸ್ತು.”

ನನ್ನ ಕೈ ನಿಂತಿತು.

“ಇನ್ನೊಂದು ಮಾತು. ನೀವು ಅಂದ್ಕೊಂಡಿರೋ ಹಾಗೆ ಅಲ್ಲಿ ಏನೂ ಇರ್ಲಿಲ್ಲ. ಅವರು ಬೋಟ್ ಓಡಿಸಿದ್ರು, ನಾನು ನೀರು ನೋಡಿದೆ, ಅಷ್ಟೆ. ಮಾತೂ ಆಡ್ಲಿಲ್ಲ. ಆಮೇಲೆ ಎಷ್ಟೋ ಕಾಲ ಫೋನೂ ಇಲ್ಲ. ಎರಡು ವರ್ಷ ಆದ್ಮೇಲೆ ನಾನೇ ಮಾಡಿದ್ದು, ಥ್ಯಾಂಕ್ಸ್ ಹೇಳೋಕೆ. ಆವತ್ತು ಹೇಳಿರ್ಲಿಲ್ಲ ಅಂತ.” ಉಂಡೆಯನ್ನು ಮಂಚದ ಮೇಲಿಟ್ಟಳು. “ಗೆಳತಿಯ ಕಡೆಯವರು ಅಂತ ಸುಳ್ಳು ಹೇಳಿದ್ದು ತಪ್ಪು. ನಿಮಗೆ ಇದು ಬೇಡ ಅನ್ನಿಸಿದ್ರೆ ಬೇಡ ಅತ್ತೆ. ನಾಳೆ ವಾಪಸ್ ಹೋಗೋಣ. ನಂಗೆ ಬೇಜಾರಿಲ್ಲ.”

ಬೇಜಾರಿಲ್ಲ ಅನ್ನುವವಳು ಮಂಚದ ಮೇಲಿಟ್ಟ ಉಂಡೆಯನ್ನು ಮತ್ತೆ ತೆಗೆದು ಸುತ್ತುತ್ತ ಕೂರುವುದಿಲ್ಲ.

ಬಾಲ್ಕನಿಗೆ ಹೋಗಿ ನಿಂತೆ. ಕೆಳಗೆ ಬೀದಿಯಲ್ಲಿ ಒಬ್ಬಾಕೆ ಬಟ್ಟೆ ಇಸ್ತ್ರಿ ಮಾಡುತ್ತಿದ್ದಳು. ಒಂದೇ ಅಂಗಿಯ ಮೇಲೆ ಎಷ್ಟು ಸಲ ಉಜ್ಜಿದಳೋ.

ಹುಚ್ಚಿ. ಒಬ್ಬಳೇ ನೋಡಿದರೆ ಸಾಕಂತೆ.

ಅಕ್ಟೋಬರ್ 13, ಬೆಳಿಗ್ಗೆ

ಏಳುವಷ್ಟರಲ್ಲಿ ಗುಬ್ಬಿ ಇಲ್ಲ. ಟ್ರಂಕ್ ಕಟ್ಟಿಟ್ಟಿದ್ದಾಳೆ. ಲಾಡ್ಜಿನವನು ಹೇಳಿದ, ಟಿಕೆಟ್ ಕೌಂಟರಿಗೆ ಹೋದರು ಅಂತ. ಬಸ್ಸಿಗೂ ಸ್ಟೀಮರಿಗೂ ಒಂದೇ ಕಟ್ಟಡ. ನನಗೆ ಅರ್ಥವಾಯಿತು, ವಾಪಸ್ ಹೋಗುವ ಬಸ್ಸಿಗೇ. ತಲೆ ಬಾಚದೆ ಓಡಿದೆ. ಅರವತ್ತನಾಲ್ಕರ ಹೆಂಗಸು ಜಡೆ ಬಿಚ್ಚಿಕೊಂಡು ಬೀದಿಯಲ್ಲಿ ಓಡಿದರೆ ಜನ ದಾರಿ ಬಿಡುತ್ತಾರೆ, ಅದೊಂದು ಅನುಕೂಲ.

ಕ್ಯೂನಲ್ಲಿ ಮುಂದೆಯೇ ಇದ್ದಳು. ಒಳಗಿನವನು ತಲೆ ಎತ್ತದೆ ಕೇಳುತ್ತಿದ್ದ, “ಮೇಲಕ್ಕಾ, ಕೆಳಕ್ಕಾ?”

ಅವಳು ಬಾಯಿ ತೆರೆಯುವ ಮುಂಚೆ ನಾನು ಹಿಂದಿನಿಂದ ಕೂಗಿದೆ. “ಕೆಳಕ್ಕೆ! ಕೆಳಕ್ಕೆ ಎರಡು ಟಿಕೆಟ್!”

ಕ್ಯೂ ಪೂರ್ತಿ ತಿರುಗಿ ನೋಡಿತು. ಗುಬ್ಬಿ ನೋಡಿದಳು. ಕಣ್ಣು ಊದಿತ್ತು.

“ಅತ್ತೆ, ಚಪ್ಪಲಿ?”

ನೋಡಿಕೊಂಡೆ. ಬರಿಗಾಲು.

“ಮಾತಾಡಬೇಡ,” ಅಂದೆ. “ನದಿ ಕಡೆ ಸೀಟು ಕೇಳು.”

“ಸ್ಟೀಮರಿನಲ್ಲಿ ಎಲ್ಲ ಕಡೇನೂ ನದಿ ಅಮ್ಮ,” ಅಂದ ಕೌಂಟರಿನವನು.

ಅಕ್ಟೋಬರ್ 15, ಸ್ಟೀಮರ್

ಇಂಥ ಅಗಲ ನಾನು ಕಂಡಿಲ್ಲ. ಆಚೆ ದಡ ಒಂದು ಗೆರೆ. ನಮ್ಮೂರಲ್ಲಿ ಈ ದಡದಿಂದ ಆ ದಡಕ್ಕೆ ಬೈಯಬಹುದು, ಇಲ್ಲಿ ಕೂಗಿದರೂ ಕೇಳದು. ನದಿಗೂ ವಯಸ್ಸಾಗಿದೆ. ಅವಸರವಿಲ್ಲ. ಮರಳುದಿಬ್ಬಗಳ ಮೇಲೆ ಕಲ್ಲಂಗಡಿ ಬಳ್ಳಿ ಹಬ್ಬಿಸಿದ್ದಾರೆ, ಇಟ್ಟಿಗೆ ಗೂಡಿನ ಹೊಗೆ, ಎಮ್ಮೆಗಳು ಕುತ್ತಿಗೆವರೆಗೆ ಮುಳುಗಿ ನಮ್ಮನ್ನು ನೋಡುತ್ತವೆ. ದಡದಲ್ಲಿ ಕಲ್ಲು ಹುಡುಕಿದೆ. ಇಲ್ಲ. ಮರಳು.

ಡೆಕ್ಕಿನಲ್ಲಿ ಟ್ರಂಕಿನ ಮೇಲೆ ಕೂತಿದ್ದೇವೆ. ಇವತ್ತು ನನ್ನ ಹುಡುಗನ ವಿಷಯ ಮಾತಾಡಿದೆವು. ನಾಲ್ಕು ವರ್ಷದಲ್ಲಿ ಮೊದಲ ಸಲ, ಅಳದೆ. ಅವರಿಬ್ಬರ ಮದುವೆಯ ದಿನ ರಸ್ತೆ ಕುಸಿದಿತ್ತು. ಕಾರು ದಾಟುವುದಿಲ್ಲ. ಮದುಮಗ ಹೊಸ ಬಟ್ಟೆಯಲ್ಲೇ ಬುಲ್ಡೋಜರ್ ತಂದು ಹೆಂಡತಿಯನ್ನು ಹತ್ತಿಸಿಕೊಂಡು ಮನೆ ಮುಂದೆ ಇಳಿಸಿದ. ಇಡೀ ಬೀದಿ ನಡುಗಿತ್ತು.

“ಆಮೇಲೆ ನೀವು ಬಾಗಿಲಲ್ಲಿ ನಿಂತು ಏನಂದ್ರಿ ಗೊತ್ತಾ? ಸೊಸೆ ಬರ್ತಾಳೆ ಅಂದ್ಕೊಂಡಿದ್ದೆ, ಮನೆ ಕೆಡವೋಕೆ ಬಂದ ಹಾಗಿದೆ ಅಂದ್ರಿ.”

“ಅಂದಿದ್ನಾ?”

“ನಾನು ಆ ರಾತ್ರಿಯೆಲ್ಲ ಅತ್ತಿದ್ದೆ.”

“ಅದಕ್ಕೆ ಅಳೋದಾ? ಅದು ತಮಾಷೆ.”

“ಅದು ತಮಾಷೆ ಅಂತ ಗೊತ್ತಾಗೋಕೆ ಒಂದು ವರ್ಷ ಬೇಕಾಯ್ತು ಅತ್ತೆ. ನಿಮ್ಮ ಮುಖ ಹಾಗಿದೆ.”

ಇಬ್ಬರೂ ಎಷ್ಟು ನಕ್ಕೆವೆಂದರೆ ಎದುರಿನ ಕೋಳಿ ವ್ಯಾಪಾರಿ ತನ್ನ ಬುಟ್ಟಿ ಎತ್ತಿಕೊಂಡು ಆಚೆ ಹೋದ.

ಅಕ್ಟೋಬರ್ 17

ನದಿ ಒಡೆಯಲು ಶುರುವಾಗಿದೆ. ನಿನ್ನೆವರೆಗೆ ಒಂದು, ಇವತ್ತು ಎರಡು, ಮಧ್ಯಾಹ್ನ ಮೂರು. ಯಾವುದು ಅಸಲು ಅಂತ ಸ್ಟೀಮರಿನವನನ್ನು ಕೇಳಿದೆ. “ಎಲ್ಲಾನೂ ಅಸಲೇ” ಅಂದ. ದಡ ಕೈಗೆ ಸಿಗುವಷ್ಟು ಹತ್ತಿರ. ಹಸಿರು ಹಸಿರು ಹಸಿರು. ಭತ್ತ, ಬಾಳೆ, ತೆಂಗು. ಮಣ್ಣಿಗೆ ಕೋಲು ನೆಟ್ಟರೂ ಚಿಗುರುತ್ತದೇನೋ. ನಮ್ಮೂರಲ್ಲಿ ಒಂದು ಸಾಲು ಆಲೂಗಡ್ಡೆಗೆ ಎಷ್ಟು ಬಂಡೆ ಸರಿಸಬೇಕು!

ಗುಬ್ಬಿ ಬೆಳಿಗ್ಗೆಯಿಂದ ಕನ್ನಡಿ ನೋಡುತ್ತಿದ್ದಾಳೆ. ನೋಡಿ, ನಾನು ನೋಡುತ್ತಿದ್ದೇನಾ ಅಂತ ನೋಡಿ, ಒಳಗಿಡುತ್ತಾಳೆ. ಕೊನೆಗೆ ನಾನೇ ಬಾಚಣಿಗೆ ತೆಗೆದುಕೊಂಡು ಜಡೆ ಹಾಕಿಕೊಟ್ಟೆ. ತಲೆಯಲ್ಲಿ ಎರಡು ಬಿಳಿ ಕೂದಲು. ಹೇಳಲಿಲ್ಲ.

ಅಕ್ಟೋಬರ್ 18, ಸಂಜೆ

ಬಂದೆವು.

ಸ್ಟೀಮರ್ ನಿಲ್ಲುವ ದಕ್ಕೆಯಲ್ಲಿ ಕಿವಿರಾಯ ನಿಂತಿದ್ದ. ಮಳೆ ಇಲ್ಲ, ಬಿಸಿಲೂ ಇಲ್ಲ, ಕೊಡೆ ಬಿಚ್ಚಿಕೊಂಡು ನಿಂತಿದ್ದ. ನಮಗಾಗಿ ತಂದದ್ದಂತೆ. ತಂದ ಮೇಲೆ ಬಿಚ್ಚಬೇಕಲ್ಲ ಅಂತ ಬಿಚ್ಚಿದನಂತೆ. ಕಿವಿ ಫೋಟೋದಲ್ಲಿ ಕಡಿಮೆಯೇ ಬಂದಿತ್ತು.

ಗುಬ್ಬಿಯನ್ನು ನೋಡಿ ನಕ್ಕ, ನನ್ನನ್ನು ನೋಡಿ ನಗು ನಿಲ್ಲಿಸಿದ. ಏನಂತ ಕರೆಯುವುದು ಅವನಿಗೆ ತಿಳಿಯದು. ಹೆಂಡತಿಯಾಗುವವಳ ಮೊದಲ ಗಂಡನ ತಾಯಿಗೆ ಯಾವ ಹೆಸರಿದೆ?

“ಬನ್ನಿ... ಇವರೇ. ಪ್ರಯಾಣ... ಇವರೇ, ಸುಸ್ತಾಯ್ತಾ?”

ಕಂಬಗಳ ಮೇಲೆ ನಿಂತ ಮರದ ಮನೆ. ಎರಡು ಕೋಣೆ, ಒಂದು ಜಗುಲಿ, ಕೆಳಗೆ ಬಾತುಕೋಳಿಗಳ ಸಂಸಾರ. ಒಳಗೆ ಎಲ್ಲ ಉಜ್ಜಿ ಉಜ್ಜಿ ತೊಳೆದಿದ್ದಾನೆ, ನೆಲ ಇನ್ನೂ ಒದ್ದೆ. ನನಗೆ ಮಂಚ, ಹೊಸ ಸೊಳ್ಳೆಪರದೆ. ತಾನು ಜಗುಲಿಯಲ್ಲಿ. ಬಾಗಿಲು ಗಾಳಿಗೆ ಬಡಿಯುತ್ತಿತ್ತು, ತಡೆಗೆ ಒಂದು ಕಲ್ಲು ಕೇಳಿದೆ. ಗಾಬರಿಯಾದ. ಊರಲ್ಲೇ ಕಲ್ಲಿಲ್ಲವಂತೆ! ಬೇಕಾದರೆ ದೋಣಿಯಲ್ಲಿ ತರಿಸಬೇಕಂತೆ. ಕೊನೆಗೆ ಸ್ಪ್ಯಾನರ್ ಪೆಟ್ಟಿಗೆ ತಂದಿಟ್ಟ.

ಅಕ್ಟೋಬರ್ 20

ಗುಬ್ಬಿ ಇಲ್ಲಿನ ಆಸ್ಪತ್ರೆಗೆ ಹೋಗಿದ್ದಾಳೆ, ಹೊಸ ಕೆಲಸದ ಮಾತಿಗೆ. ಕಿವಿರಾಯ ನನ್ನನ್ನು ಸಣ್ಣ ದೋಣಿಯಲ್ಲಿ ಗದ್ದೆ ತೋರಿಸಲು ಕರೆದುಕೊಂಡು ಹೋದ. ಇಲ್ಲೂ ಅವನ ಕೆಲಸ ಹೂಳೆತ್ತುವುದೇ. ದೋಣಿಗಳು ಸಿಕ್ಕಿಕೊಳ್ಳದ ಹಾಗೆ ನದಿಯ ತಳ ಕೆರೆಯುವುದು. ಕೆಲಸದ ವಿಷಯ ಬಂದರೆ ಮಾತು ಸಲೀಸು, ಇವರೇ ಗಿವರೇ ಮರೆತೇ ಹೋಗುತ್ತದೆ.

ಹೊಸ ದಿಬ್ಬವೊಂದರ ಹತ್ತಿರ ದೋಣಿ ನಿಲ್ಲಿಸಿ ಒಂದು ಬೊಗಸೆ ಮಣ್ಣು ಎತ್ತಿ ತೋರಿಸಿದ. ಬೆಣ್ಣೆಯಂತೆ ನುಣುಪು. “ಹೋದ ವರ್ಷ ಇದು ಇರ್ಲಿಲ್ಲ. ನೋಡ್ತಾ ನೋಡ್ತಾ ಎದ್ದಿದೆ. ಇದೆಲ್ಲ ನಿಮ್ಮ ಬೆಟ್ಟದ್ದೇ. ಅಲ್ಲಿಂದ ನದಿ ಹೊತ್ಕೊಂಡು ಬರುತ್ತಲ್ಲ, ಎಲ್ಲಾನೂ ಕೊನೆಗೆ ಇಲ್ಲಿಗೇ...”

ಅಲ್ಲಿಗೆ ನಿಂತ. ಏನು ಹೇಳುತ್ತಿದ್ದೇನೆ ಅಂತ ಆಗ ಹೊಳೆದಿರಬೇಕು. ಕಿವಿ ಕೆಂಪಗಾಯಿತು. ಮಣ್ಣನ್ನು ಎಲ್ಲಿಡಬೇಕು ತಿಳಿಯದೆ ಕೈಯಲ್ಲೇ ಹಿಡಿದು ನಿಂತ.

ನಾನು ಆ ಮಣ್ಣನ್ನು ಅವನ ಕೈಯಿಂದ ತೆಗೆದುಕೊಂಡೆ. ತಣ್ಣಗಿತ್ತು.

“ನಂಗೆ ಗೊತ್ತು, ಡ್ಯಾಮಿನ ವಿಷಯ. ಅವಳು ಹೇಳಿದ್ಳು. ನಿನ್ನ ಬಾಯಿಂದ ಹೇಳು. ಏನು ನೋಡಿದೆ?”

ಇಂಜಿನ್ ಆಫ್ ಮಾಡಿದ.

“ಏನೂ ಸಿಗಲಿಲ್ಲ. ದಡ ದಡ ಹುಡುಕಿದ್ವಿ. ಅವರು ಬೋಟಿನ ಮುಂದೆ ಕೂತ್ಕೊಂಡು ಕಣ್ಣು ಮಿಟುಕಿಸದೆ ನೋಡೋರು. ನೀರು ಕುಡೀರಿ ಅಂದ್ರೂ ಕುಡೀತಿರ್ಲಿಲ್ಲ.”

“ಅವಳು ವಾಪಸ್ ಬಂದ್ಮೇಲೆ?”

“ಬಂದ್ಮೇಲೆ... ನೋಡ್ತಾ ಇದ್ದೆ. ಶಿಫ್ಟ್ ಮುಗಿದ ಮೇಲೆ ಒಂದು ಸುತ್ತು. ಬೇಸಿಗೆ ಕಳೆದು ಮಳೆ ಶುರುವಾಗೋವರೆಗೂ.”

“ಅವಳಿಗೆ ಗೊತ್ತಾ?”

“ಇಲ್ಲ. ಹೇಳಿದ್ರೆ ಸುಮ್ನೆ ಆಸೆ ಇಟ್ಕೋತಾರೆ. ಸಿಕ್ಕಿದ್ರೆ ಹೇಳೋಣ ಅಂತಿದ್ದೆ.” ತಲೆ ತಗ್ಗಿಸಿದ. “ಸಿಗಲಿಲ್ಲ. ಕ್ಷಮಿಸಿ... ಇವರೇ.”

ನನ್ನ ಮಗನನ್ನು ಹುಡುಕಿಕೊಡಲಾಗಲಿಲ್ಲ ಅಂತ ಕ್ಷಮೆ ಕೇಳುತ್ತಿದ್ದಾನೆ. ಮುಖವನ್ನೇ ನೋಡಿರದ ಒಬ್ಬನನ್ನು, ಯಾರೂ ಹೇಳದೆ, ಸಂಬಳವಿಲ್ಲದೆ, ದಿನಾ ಸಂಜೆ ಹುಡುಕಿದ ಮನುಷ್ಯ. ಆಗ ನಾನು ಅತ್ತುಬಿಟ್ಟೆ. ದೋಣಿ ಅಲ್ಲಾಡುವಷ್ಟು ಅತ್ತೆ. ಅವನು ಹತ್ತಿರ ಬರಲಿಲ್ಲ, ಸಮಾಧಾನ ಹೇಳಲಿಲ್ಲ. ಕೊಡೆ ಬಿಚ್ಚಿ ನನ್ನ ತಲೆಯ ಮೇಲೆ ಹಿಡಿದ. ಈ ಸಲ ಬಿಸಿಲಿತ್ತು.

ಮೂಗು ಒರೆಸಿಕೊಂಡು ಹೇಳಿದೆ, “ಇವರೇ ಅವರೇ ಅಂತ ಎಷ್ಟು ದಿನ ಕರೀತೀಯ? ಅವಳು ಏನಂತಾಳೋ ನೀನೂ ಅದನ್ನೇ ಅನ್ನು.”

ಯೋಚಿಸಿದ. ಯೋಚಿಸುವಾಗ ತುಟಿ ಆಡಿಸುತ್ತಾನೆ. “ಅತ್ತೆ...?” ಆಮೇಲೆ ಮುಖ ಅರಳಿತು. “ಹೆಂಡತಿ ಕಡೆಯಿಂದ ಲೆಕ್ಕ ಹಾಕಿದ್ರೂ ಅದೇ ಆಗುತ್ತಲ್ವಾ!”

“ಆಗುತ್ತೆ. ಈಗ ಇಂಜಿನ್ ಹಾಕು. ಬೆನ್ನು ಸುಡ್ತಿದೆ.”

ಅಕ್ಟೋಬರ್ 21

ಗುಬ್ಬಿಗೆ ಹೇಳಿಬಿಟ್ಟೆ, ಅವನು ಮಳೆಗಾಲದವರೆಗೆ ಹುಡುಕಿದ್ದನ್ನು. ಈ ಮನೆಯಲ್ಲಿ ಗುಟ್ಟು ಸಾಕು. ಎಲ್ಲರೂ ಎಲ್ಲರನ್ನೂ ಕಾಪಾಡಲು ಹೋಗಿ ಒಬ್ಬೊಬ್ಬರೇ ಒದ್ದಾಡಿದ್ದು ಸಾಕು.

ಅಕ್ಕಿ ತೊಳೆಯುತ್ತಿದ್ದಳು. ಪಾತ್ರೆ ಇಟ್ಟು ಎದ್ದು ಹೋದಳು. ಕೆಳಗೆ ಅವನು ಬಾತುಕೋಳಿಗಳನ್ನು ಗೂಡಿಗೆ ಅಟ್ಟುತ್ತಿದ್ದ. ಏನು ಮಾತಾಡಿದರೋ ಕೇಳಲಿಲ್ಲ. ಕೇಳಬಾರದು ಅಂತ ಪಾತ್ರೆ ಜೋರಾಗಿ ಸದ್ದು ಮಾಡಿದೆ. ಅನ್ನ ನಾನೇ ಮಾಡಿದೆ. ತಳ ಹತ್ತಿತು.

ಅಕ್ಟೋಬರ್ 28

ಒಂದು ವಾರ ಪುರುಸೊತ್ತೇ ಇಲ್ಲ. ಮದುವೆ ಆಯಿತು. ರಿಜಿಸ್ಟ್ರಾರ್ ಆಫೀಸು ಹಳೇ ಗೋದಾಮಿನಂಥ ಕಟ್ಟಡ, ಒಳಗೆ ಮೂರು ಮೇಜು, ಒಂದೇ ಕುರ್ಚಿ. ಕುರ್ಚಿ ನನಗೆ ಕೊಟ್ಟರು. ಗುಮಾಸ್ತ ಕೇಳಿದ, “ಹುಡುಗಿ ಕಡೆಯವರು ಯಾರು?” ಎದ್ದು ನಿಂತೆ. “ಸಂಬಂಧ?” ಅಂದ. ಗುಬ್ಬಿಯೂ ನಾನೂ ಮುಖ ಮುಖ ನೋಡಿಕೊಂಡೆವು. ಅವಳೇ ಹೇಳಿದಳು, “ತಾಯಿ ಅಂತ ಬರ್ಕೊಳ್ಳಿ.” ಬರೆದುಕೊಂಡ. ಸಹಿ ಮಾಡುವಾಗ ಪೆನ್ನು ಸರಿಯಾಗಿ ಹರಿಯಲಿಲ್ಲ. ಪೆನ್ನಿನದೇ ತಪ್ಪು.

ನನ್ನ ಹುಡುಗನ ನೆನಪು ಬಂತು. ಬರದೆ ಇರುತ್ತದೆಯೇ? ಆದರೆ ಎದೆ ಹಿಂಡಲಿಲ್ಲ. ಪಕ್ಕದಲ್ಲೇ ನಿಂತು ಗುಮಾಸ್ತನ ತಲೆಯ ವಿಗ್ ನೋಡಿ ನಗುತ್ತಿದ್ದಾನೇನೋ ಅನ್ನಿಸಿತು. ಅದು ವಿಗ್ಗೇ.

ಅಕ್ಟೋಬರ್ 31

ಹೊರಡುತ್ತೇನೆ ಅಂದೆ. ಸ್ಟೀಮರ್ ನಿಲ್ಲುವುದು ದೊಡ್ಡ ದಕ್ಕೆಯಲ್ಲಿ, ಅಲ್ಲಿಗೆ ದೋಣಿಯಲ್ಲೇ ಹೋಗಬೇಕು. ಕಿವಿರಾಯ — ಇನ್ನು ಅಳಿಯ ಅನ್ನಬೇಕು — ಇಂಜಿನ್ ಕೆಟ್ಟಿದೆ ಅಂದ.

ನವೆಂಬರ್ 1

ಇಂಜಿನ್ ಇನ್ನೂ ಕೆಟ್ಟಿದೆಯಂತೆ. ಬೆಟ್ಟದಷ್ಟು ಹೂಳೆತ್ತುವ ಮೆಷಿನ್ನನ್ನು ಮೂರು ತಾಸಿನಲ್ಲಿ ಬಿಚ್ಚಿ ಜೋಡಿಸುವವನಿಗೆ ಇಷ್ಟುದ್ದದ ದೋಣಿಯ ಇಂಜಿನ್ ಬಗ್ಗುತ್ತಿಲ್ಲ. ಗುಬ್ಬಿ ಸ್ಪ್ಯಾನರ್ ಹಿಡಿದು ಪಕ್ಕದಲ್ಲಿ ನಿಂತು ಗಂಭೀರವಾಗಿ ತಲೆಯಾಡಿಸುತ್ತಾಳೆ. ನಾಟಕ ಚೆನ್ನಾಗಿದೆ. ನಾನೂ ಕೆಡಿಸಲಿಲ್ಲ. ಮಧ್ಯಾಹ್ನ ಜಗುಲಿಯಲ್ಲಿ ನಿದ್ದೆ ಮಾಡಿದೆ. ಎಷ್ಟು ಚೆಂದದ ನಿದ್ದೆ.

ಆದರೆ ಹೋಗಲೇಬೇಕು. ಅಂಗಡಿಯಿದೆ. ತಂಗಿ ಮೆಷಿನ್ನನ್ನು ಬೈಯದೆ ಇರುತ್ತಾಳೆ ಅನ್ನುವ ನಂಬಿಕೆ ನನಗಿಲ್ಲ. ಗುಬ್ಬಿಗೆ ಹಾಗೇ ಹೇಳಿದೆ. ಸ್ವಲ್ಪ ಹೊತ್ತು ಮುಖ ಊದಿಸಿದಳು. ಆಮೇಲೆ,

“ಹಿಮ ಬಿದ್ದು ರಸ್ತೆ ಮುಚ್ಚಿದ್ರೆ ಹೇಗೂ ಗಿರಾಕಿ ಬರಲ್ಲ. ಮುಚ್ಚೋ ಮುಂಚೆ ಇಳಿದು ಬನ್ನಿ. ತೆಗೆಯೋವರೆಗೂ ಇಲ್ಲೇ.”

“ನೋಡೋಣ.”

“ನೋಡೋಣ ಅಂದ್ರೆ ಹೂಂ ಅಂತ ಅರ್ಥ, ನಂಗೊತ್ತು.”

ಏಳು ವರ್ಷದ ಸಂಸಾರ. ಗೊತ್ತಿರುತ್ತದೆ.

ನವೆಂಬರ್ 2, ಬೆಳಿಗ್ಗೆ

ಇಂಜಿನ್ ಸರಿಹೋಗಿದೆ. ತಾನೇ ಸರಿಹೋಯಿತಂತೆ. ಚೀಲ ಕಟ್ಟಿ ಜಗುಲಿಯಲ್ಲಿ ಕೂತಿದ್ದೇನೆ. ಅಳಿಯ ದೋಣಿಗೆ ಡೀಸೆಲ್ ಹಾಕುತ್ತಿದ್ದಾನೆ. ಈಗಲೇ ಹೊರಡೋಣ ಅಂದರೆ ಇನ್ನೊಂದು ಸ್ವಲ್ಪ ತಡೀರಿ ಅಂದ.

“ನೀರು ಮೇಲಕ್ಕೆ ಹರಿಯೋಕೆ ಶುರುವಾದ್ರೆ ನಮಗೆ ಸುಲಭ ಅತ್ತೆ.”

“ನದಿ ಮೇಲಕ್ಕೆ ಹರಿಯುತ್ತಾ? ಇನ್ನೊಂದು ದಿನ ಉಳಿಸ್ಕೊಳ್ಳೋಕೆ ಹೊಸ ಕಥೆನಾ?”

“ಕಥೆ ಅಲ್ಲ. ಉಬ್ಬರ ಬಂದಾಗ ಸಮುದ್ರ ಹಿಂದಕ್ಕೆ ತಳ್ಳುತ್ತೆ. ದಿನಕ್ಕೆ ಎರಡು ಸಲ. ನೀವು ಗಮನಿಸಿಲ್ಲ ಅಷ್ಟೆ.”

ಗಮನಿಸಿಲ್ಲ. ನಿದ್ದೆ ಮಾಡಿದ್ದೆ.

“ಎಲ್ಲಿವರೆಗೆ ಹೋಗುತ್ತೆ?”

“ದೊಡ್ಡ ದಕ್ಕೆ ದಾಟಿ ಇನ್ನೂ ಮೇಲೆ. ಆಮೇಲೆ ಸುಸ್ತಾಗಿ ಮತ್ತೆ ಇಳಿಯುತ್ತೆ.”

ಸಮುದ್ರದವರೆಗೆ ಬಂದದ್ದು, ತಿರುಗಿ ಬೆಟ್ಟದ ಕಡೆ. ಈ ವಯಸ್ಸಿಗೆ ಇಂಥದ್ದೊಂದು ನೋಡುತ್ತೇನೆ ಅಂದುಕೊಂಡಿರಲಿಲ್ಲ. ಗುಬ್ಬಿ ಮೆಟ್ಟಿಲ ಕೊನೆಯಲ್ಲಿ ಸೀರೆ ಎತ್ತಿಕಟ್ಟಿ ಮೊಣಕಾಲುದ್ದ ನೀರಿನಲ್ಲಿ ನಿಂತು ಕೂಗುತ್ತಿದ್ದಾಳೆ — ಅತ್ತೆ, ಬನ್ನಿ, ತಿರುಗ್ತಿದೆ, ಬೇಗ! ಬಂದೆ ಅಂದೆ. ಇಲ್ಲಿಂದಲೂ ಕಾಣುತ್ತದೆ. ತೇಲುವ ಅಂತರಗಂಗೆ ಗಿಡದ ಒಂದು ಗೊಂಚಲು, ನೀಲಿ ಹೂವು ಸಮೇತ, ಸಮುದ್ರದ ಕಡೆ ಹೋಗುತ್ತಿದ್ದುದು ನಿಂತಿದೆ. ನಿಂತೇ ಇದೆ. ಈಗ ಮೆಲ್ಲಗೆ —